ಸಲೀಮ್ ಡಾಕ್ಟರ ರೀಲ್ ಕ್ಯಾಮೆರಾ

ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಕ್ಯಾಮೆರಾ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುತ್ತಿದ್ದೆ. ಆ ಸ್ಟುಡಿಯೋ ಈಗಿಲ್ಲ, ಮಾಲೀಕರೂ ಇಲ್ಲ. ಕಣ್ಣು ಕಟ್ಟಿದ್ದರಿಂದ ನಾನೂ ನೋಡಿಲ್ಲ. ಆದರೂ ನಿಜ.

ಇಂಗ್ಲೆಂಡಿನ ಸೆಲ್ಲಿ ಓಕ್‌ನಲ್ಲಿರುವ ಮಗಳ ಮನೆಯಲ್ಲಿ ಇದನ್ನೇ ಹೇಳುತ್ತ ಕೂತಿದ್ದೆ. ಪಕ್ಕದ ಮನೆಯ ಸಲೀಮ್ ಡಾಕ್ಟರು, ನಮ್ಮ ವಿಜಯಪುರದ ಕಡೆಯವರು, ಬಳಸಿದ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಕೊಂಡಿದ್ದ ಹಳೇ ರೀಲ್ ಕ್ಯಾಮೆರಾ ತಂದೇಬಿಟ್ಟರು. ಅದರ ಹಿಂಬದಿಯ ಬಾಗಿಲಿನ ಅಂಚಿನ ಸ್ಪಂಜು ಕರಗಿ ಡಾಂಬರಿನ ಹಾಗೆ ಅಂಟುತ್ತಿತ್ತು.

"ಕಾಕಾ, ಇದನ್ನ ಸ್ವಚ್ಛ ಮಾಡಿಕೊಡ್ರಿ. ಆದ್ರ ಒಳಗ ರೀಲ್ ಐತೋ ಇಲ್ಲೋ ನೆನಪಿಲ್ಲ. ಅತ್ತೆ ಬಂದಾಗ ಇದರಾಗ ಫೋಟೋ ತೆಗೆದಿದ್ದೆ. ಅವರು ನಿನ್ನೆ ಊರಿಗೆ ಹೋದ್ರು. ಆ ಫೋಟೋ ಹಾಳಾದ್ರ ನನ್ನ ಹೆಂಡತಿ ನನ್ನ ಬಿಡಂಗಿಲ್ಲ."

ಕ್ಯಾಮೆರಾವನ್ನು ಅಂಗೈಯಲ್ಲಿಟ್ಟು ತೂಗಿದೆ. "ಖಾಲಿ ಐತಿ."

"ಮ್ಯಾಲಿನ ರೀಲ್ ಸುತ್ತೋ ಹಿಡಿಕೆ ತಿರುವಿ ನೋಡೋಣೇನ್ರಿ? ಬಿಗಿ ಇದ್ರ ಒಳಗ ರೀಲ್ ಇರ್ತೈತಂತ."

"ಅದು ಓದಿ ಕಲಿತವರಿಗೆ, ಡಾಕ್ಟರೇ. ನನ್ನ ಕೈನೇ ತಕ್ಕಡಿ."

ಬಾಗಿಲು ತೆಗೆದೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿ ಕೈಯಲ್ಲೇ ಉಳಿಯಿತು. ಒಳಗೆ ರೀಲು ಉದ್ದಕ್ಕೆ ಮೈಚಾಚಿ ಮಲಗಿತ್ತು. ಬೆಳಕು ಬಿದ್ದರೆ ಚಿತ್ರ ಹೋದಂತೆಯೇ. ವಾರದಿಂದ ಮುಖ ತೋರಿಸದ ಬಿಸಿಲು ಅವತ್ತೇ ಕಿಟಕಿಯಲ್ಲಿ ಬಂದು ನಿಂತಿತ್ತು.

ಡಾಕ್ಟರು ತಲೆಯ ಮೇಲೆ ಕೈ ಹೊತ್ತರು. "ಖಾಲಿ ಐತಿ ಅಂದಿದ್ರಲ್ಲ ಕಾಕಾ?"

ನಾನು ಕ್ಯಾಮೆರಾವನ್ನು ಅವರ ಮುಂದೆ ಹಿಡಿದು ಹೇಳಿದೆ:

"ಈಗ ನೋಡ್ರಿ, ಅದರಾಗ ಒಂದರ ಫೋಟೋ ಉಳದೈತೇನು?"