ಗಾಜಿನ ಕಪಾಟಿನ ಗರಿಗಳು

ಬ್ರೋನ್ಕಾ ಬ್ಯಾಡ್ಮಿಂಟನ್ ಆಡುತ್ತಾಳೆ ಎಂದರೆ ಅವಳ ಊರಾದ ಹುಮೆನ್ನೆಯಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅದನ್ನು ಎಲ್ಲರೂ ಆಡುತ್ತಿದ್ದರು. ಬೇಸಿಗೆಯಲ್ಲಿ, ತೋಟದ ಮನೆಯಲ್ಲಿ, ಉಂಡದ್ದು ಅರಗಲೆಂದು. ಬ್ರೆಡ್ ಅಂಗಡಿಯಲ್ಲಿ ನೆರೆಮನೆಯ ಔರೇಲಿಯಾ, "ನಾನೂ ಆಡ್ತೀನಮ್ಮ, ಸೊಸೆ ಜೊತೆ. ಅವಳ ಸೊಕ್ಕು ಮುರಿಯೋಕೆ ನನ್ನಿಂದ ಆಗ್ತಿಲ್ಲ, ನೀನೊಂದ್ಸಲ ಬಂದು ಹೋಗು" ಎನ್ನುತ್ತಿದ್ದಳು. ಬ್ರೋನ್ಕಾ ಆಗ ದೇಶದ ಚಾಂಪಿಯನ್. ಊರಿನ ದುಡ್ಡು, ದೀಪ, ಚಪ್ಪಾಳೆಯೆಲ್ಲ ಐಸ್ ಹಾಕಿಯ ಪಾಲಾಗಿತ್ತು. ಇವಳ ಆಟ ಹಳೆಯ ಶಾಲೆಯೊಂದರ ಜಿಮ್ಮಿನಲ್ಲಿ ನಡೆಯುತ್ತಿತ್ತು.

ದೇಶದ ಪಟ್ಟದಿಂದ ಅವಳೇನೂ ಬೀಗಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬುದು ಅವಳಿಗೂ ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಗಡಿಯಾಚೆ ಒಂದು ಗೆಲುವು. ಪದಕ ಬೇಡ, ಮೊದಲ ಸುತ್ತಿನದೇ ಆದರೂ ಸರಿ, ಒಂದು ಪಂದ್ಯ.

ಅವಳಿಗೆ ಆಟ ಕಲಿಸಿದವನು ವೆಂಡೆಲಿನ್ ಮೇಷ್ಟ್ರು. ಬಲು ಒಳ್ಳೆಯ ಮನುಷ್ಯ. ಕೆಟ್ಟವರು ಮಾಡಿದ ಕೇಡನ್ನು ಬೈದಾದರೂ ತೀರಿಸಿಕೊಳ್ಳಬಹುದು, ಒಳ್ಳೆಯವರದಕ್ಕೆ ಮದ್ದಿಲ್ಲ. ಅವನು ಮಕ್ಕಳಿಗೆ ಕಲಿಸಿದ್ದೆಲ್ಲ ಪ್ಲಾಸ್ಟಿಕ್ ಶಟಲ್ಲಿನಲ್ಲಿ. ಹಿಂದೊಮ್ಮೆ ಬಂದಿದ್ದ ಡೆನ್ಮಾರ್ಕಿನ ತಂಡ ಒಂದು ಪೆಟ್ಟಿಗೆ ತುಂಬ ಗರಿಯ ಶಟಲ್ ಉಡುಗೊರೆ ಕೊಟ್ಟು ಹೋಗಿತ್ತು. ಮೇಷ್ಟ್ರು ಅವನ್ನು ಮನೆಗೆ ಒಯ್ದು, ಮುಂಗೋಣೆಯ ಗಾಜಿನ ಕಪಾಟಿನಲ್ಲಿ, ಮದುವೆಗೆ ಸಾವಿಗೆ ಮಾತ್ರ ಹೊರಬರುವ ಹರಳುಗಾಜಿನ ಲೋಟಗಳ ಪಕ್ಕ ಜೋಡಿಸಿಟ್ಟ. "ದೊಡ್ಡ ಪಂದ್ಯ ಬರ್ಲಿ, ಆಗ ತೆಗೆಯೋಣ" ಎಂದ. ಅದು ಜಿಪುಣತನವಲ್ಲ, ಮರ್ಯಾದೆ. ನಮ್ಮಲ್ಲಿ ಒಳ್ಳೆಯ ತಟ್ಟೆಯಲ್ಲಿ ಯಜಮಾನ ಉಣ್ಣುವುದಿಲ್ಲ. ಅವನ ತಿಥಿಗೆ ಬಂದವರು ಉಣ್ಣುತ್ತಾರೆ.

ಪ್ಲಾಸ್ಟಿಕ್ ಶಟಲ್ ಒಂದೇ ಸಮನೆ ತೇಲಿ ಬರುತ್ತದೆ. ಗರಿಯದು ನಡುದಾರಿಯಲ್ಲಿ ಉಸಿರು ಕಳೆದುಕೊಂಡು ತಟ್ಟನೆ ಬೀಳುತ್ತದೆ. ಬ್ರೋನ್ಕಾಳ ಕಾಲು ಪ್ಲಾಸ್ಟಿಕ್ಕಿನ ಲೆಕ್ಕವನ್ನೇ ಕಲಿತಿತ್ತು. ಸ್ವದೇಶದಲ್ಲಿ ಎಲ್ಲರದೂ ಅದೇ ಲೆಕ್ಕ, ಹಾಗಾಗಿ ನಡೆಯಿತು. ಗಡಿಯಾಚೆ ಆಡುವುದು ಗರಿಯದರಲ್ಲೇ, ಹೋದಾಗಲೆಲ್ಲ ಶಟಲ್ ಅವಳಿಗಿಂತ ಒಂದು ಗೇಣು ಮುಂದೆ ಬಿತ್ತು. ಮೊದಲ ದಿನವೇ ಸೋತು ಬಸ್ಸು ಹತ್ತುವುದು ಅಭ್ಯಾಸವಾಯಿತು.

ತಾಯಿ ಜೋಫಿಯಾ ಹೆಬ್ಬಾತು ಸಾಕಿದ್ದಳು. ಚಳಿಗಾಲವೆಲ್ಲ ಪುಕ್ಕ ಬಿಡಿಸಿ ಮಗಳ ಮದುವೆಗೆಂದು ತುಂಬಿದ ಗರಿಯ ಹೊದಿಕೆ ಪೆಟ್ಟಿಗೆಯಲ್ಲೇ ಉಳಿದಿತ್ತು.

"ಮನೆ ತುಂಬ ಬಾತು ಇಟ್ಕೊಂಡು ನನ್ನ ಮಗಳು ಗರಿಗೆ ಸೋತ್ಲು ಅಂತ ಯಾರ ಹತ್ರ ಹೇಳ್ಕೊಳ್ಳಲೇ?"

"ಅದು ಬೀಳೋ ರೀತಿನೇ ಬೇರೆ ಅಮ್ಮ."

"ಹೂಂ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ವಯಸ್ಸು ಮೂವತ್ತು ದಾಟಿ, ಮೊಣಕಾಲು ಮುನಿಸಿಕೊಂಡ ಮೇಲೆ, ಬುಡಾಪೆಸ್ಟಿನ ಪಂದ್ಯವೇ ತನ್ನ ಕೊನೆಯದು ಎಂದು ಬ್ರೋನ್ಕಾ ನಿರ್ಧರಿಸಿದಳು. ಮೇಷ್ಟ್ರ ಮನೆಗೆ ಹೋಗಿ ಕಪಾಟಿನ ಮುಂದೆ ನಿಂತಳು.

"ಈ ಸಲ ಕೊಡಿ ಮೇಷ್ಟ್ರೇ. ಒಂದು ತಿಂಗಳು ಇದರಲ್ಲೇ ಆಡ್ತೀನಿ."

"ನಿನಗೋಸ್ಕರಾನೇ ಇಟ್ಟಿರೋದು ಕಣೆ," ಎಂದು ಮುದುಕ ಬೀಗದ ಕೈ ತಂದ. ಅವನ ಮುಖದಲ್ಲಿ ಹಬ್ಬದ ಕಳೆಯಿತ್ತು.

ಜಿಮ್ಮಿನಲ್ಲಿ ಮೊದಲ ಹೊಡೆತಕ್ಕೇ ಗರಿಗಳು ಮುರಿದು ಉದುರಿದವು. ಎರಡನೆಯದೂ ಹಾಗೆಯೇ. ಡಬ್ಬಿಯ ಮೇಲೆ ಡಬ್ಬಿ ತೆರೆದರೂ ಒಂದೂ ಬಲೆ ದಾಟಲಿಲ್ಲ. ಕಪಾಟು ಇದ್ದದ್ದು ಹೀಟರಿಗೆ ಅಂಟಿಕೊಂಡು. ವರ್ಷ ವರ್ಷದ ಚಳಿಗಾಲದ ಕಾವಿಗೆ ಗರಿಗಳು ಒಣಗಿ ಹಪ್ಪಳವಾಗಿದ್ದವು. ಮೇಷ್ಟ್ರು ಮಂಡಿಯೂರಿ ಚೂರುಗಳನ್ನು ಟೋಪಿಗೆ ತುಂಬಿಕೊಳ್ಳತೊಡಗಿದ.

"ಜೋಪಾನವಾಗಿಟ್ಟಿದ್ದೆ ಬ್ರೋನ್ಕಾ," ಎಂದ.

"ಗೊತ್ತು ಮೇಷ್ಟ್ರೇ," ಎಂದಳು. ಕಿರುಚಬೇಕೆನಿಸಿತ್ತು. ಅವನ ಬಾಗಿದ ಬೆನ್ನು ನೋಡಿ ತಾನೂ ಕೂತು ಆರಿಸಿದಳು.

ಬುಡಾಪೆಸ್ಟಿನಲ್ಲಿ ಎದುರಾಳಿ ಇನ್ನೂ ಶಾಲೆ ಬಿಡದ ಹುಡುಗಿ. ಮೂರನೆಯ ಆಟದಲ್ಲಿ ಬ್ರೋನ್ಕಾ ಮುಂದಿದ್ದಳು, ಗೆಲುವಿಗೆ ಎರಡೇ ಅಂಕ ಬಾಕಿ. ಹುಡುಗಿ ಮೆಲ್ಲಗೆ ತಟ್ಟಿದಳು. ಬ್ರೋನ್ಕಾ ಓಡಿದಳು. ಶಟಲ್ ಒಂದು ಗೇಣು ಮುಂದೆ ಬಿತ್ತು. ಮತ್ತೆ ಅಲ್ಲಿಗೇ, ಮತ್ತೆ ಅಲ್ಲಿಗೇ. ಹುಡುಗಿಗೆ ಗುಟ್ಟು ಸಿಕ್ಕಿಬಿಟ್ಟಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ಜಿಮ್ಮು ಅವಳ ಕೈಯಲ್ಲಿದೆ, ಮಕ್ಕಳಿಗೆ ಅವಳೇ ಕಲಿಸುತ್ತಾಳೆ. ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ಕಪಾಟೂ ಇಲ್ಲಿಗೇ ಬಂದು ಹೀಟರಿನ ಪಕ್ಕ ನಿಂತಿತು. ದೇಶದ ಬ್ಯಾಡ್ಮಿಂಟನ್ ಸಂಘದವರು ವರ್ಷಕ್ಕೊಮ್ಮೆ ಕ್ರಿಸ್ಮಸ್ ಕಳೆದ ಮೇಲೆ ಗರಿಯ ಶಟಲ್ಲಿನ ಡಬ್ಬಿಯೊಂದನ್ನು ಕಳಿಸುತ್ತಾರೆ, ಒಂದೇ ಒಂದು. ಈ ಸಲ ಅದು ಬಂದಾಗ ಮಕ್ಕಳು ಮುತ್ತಿಕೊಂಡರು.

"ಇದ್ರಲ್ಲಿ ಯಾವಾಗ ಆಡೋದು ಅತ್ತೆ?" ಎಂದು ವಿಲ್ಮಾ ಎಂಬ ಪುಟ್ಟ ಹುಡುಗಿ ಕೇಳಿದಳು.

ಡಬ್ಬಿ ಒಡೆದರೆ ಸಂಜೆಯೊಳಗೆ ಮುಗಿಯುತ್ತದೆ, ನಾಳೆಯಿಂದ ಮತ್ತೆ ಪ್ಲಾಸ್ಟಿಕ್ಕೇ. ಇಟ್ಟರೆ ಒಣಗುತ್ತದೆ. ಎರಡರಲ್ಲೂ ಈ ಮಗುವಿನ ಕಾಲು ಒಂದು ಗೇಣು ಹಿಂದೆಯೇ ಉಳಿಯುತ್ತದೆ. ಬ್ರೋನ್ಕಾ ಡಬ್ಬಿಯನ್ನು ಎತ್ತಿಕೊಂಡಳು.

"ದೊಡ್ಡ ಪಂದ್ಯ ಬರ್ಲಿ ಪುಟ್ಟಿ," ಎಂದಳು.

ಆಮೇಲೆ ಕಪಾಟನ್ನು ಹೀಟರಿನಿಂದ ಒಂದು ಮಾರು ದೂರ ಎಳೆದು, ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿದಳು.