ಹೊಟ್ಟೆ ಸೇರಿದ ಹಲ್ಲು

ಮಹಾಲಿಂಗಪುರದ ಖಾನಾವಳಿಯಲ್ಲಿ ಖಡಕ್ ರೊಟ್ಟಿಯ ಜೊತೆ ನಾನು ಕಟ್ಟಿಸಿಕೊಂಡಿದ್ದ ಹಲ್ಲೂ ಹೊಟ್ಟೆಗೆ ಹೋಯಿತು. ನನಗೆ ಗಾಬರಿ. ಎದುರಿಗೆ ಉಣ್ಣುತ್ತಿದ್ದವನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನಂತೆ. ಅವನಿಗೆ ಖುಷಿ.

“ಅಂಜಬ್ಯಾಡ್ರಿ ಅಜ್ಜಾರ. ಸಮುದ್ರದಾಗ ಲಾಬ್‌ಸ್ಟರ್ ಅಂತ ಏಡಿ ಜಾತಿದು ಒಂದೈತಿ. ಅದಕ್ಕ ಹಲ್ಲು ಇರೂದ ಹೊಟ್ಟ್ಯಾಗ. ನುಂಗಿದ್ದನ್ನ ಅಲ್ಲೇ ಬೀಸತೈತಿ.”

“ನಾ ಬನಹಟ್ಟಿಯಾಂವ,” ಎಂದೆ.

“ಚಿಪ್ಪು ಕಳಚೂಮುಂದ ಆ ಹಲ್ಲೂ ಕಳಚಿ ಹೊಸಾವು ಬರತಾವ್ರಿ!”

“ನಂದು ಹೊರಗ ಬರತೈತಿಲ್ಲೋ, ಅದನ್ನ ಹೇಳೋ ಮಾರಾಯಾ.”

“ಅದು ನಮ್ಮ ಸಿಲೆಬಸ್‌ನ್ಯಾಗ ಇಲ್ರಿ.”

ಡಾಕ್ಟರು ಹೊಟ್ಟೆಯ ಎಕ್ಸ್‌ರೇ ತೆಗೆಸಿ ನೋಡಿ, ತಾನಾಗಿ ಬರದಿದ್ದರೆ ಆಪರೇಶನ್ ಎಂದರು. ಬಾಳೆಹಣ್ಣು ತಿನ್ನುತ್ತ ಕಾದೆ. ಮರುದಿನ ಬೆಳಿಗ್ಗೆ ಬಂತು. ಚೆನ್ನಾಗಿ ಕುದಿಸಿ, ಅದನ್ನೇ ಮತ್ತೆ ಕೂಡಿಸಿಕೊಂಡೆ.