ಬೈಸಿಕೊಳ್ಳುವ ಮ್ಯಾನೇಜರ್

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ ನನ್ನ ಮಗಳ ಬೇಸ್‌ಬಾಲ್ ತಂಡಕ್ಕೆ ಧಾರವಾಡದ ಕಡೆಯ ಎಂಜಿನಿಯರ್ ಒಬ್ಬರು ಮ್ಯಾನೇಜರ್ ಆಗಿದ್ದರು. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಅವರ ಅರ್ಧ ಕೆಲಸ. ಮಕ್ಕಳು ತಪ್ಪಿದಾಗ ಅಪ್ಪಂದಿರು ಬೇಲಿಯಾಚೆಯಿಂದ ಕೂಗಿದರೆ, ಟೋಪಿ ಹಿಂದಕ್ಕೆ ಸರಿಸಿ ಅಡ್ಡ ಬಂದು ನಿಲ್ಲುವುದು ಉಳಿದರ್ಧ. "ಬೈಯೋದಿದ್ರ ನನಗ ಬೈರಿ" ಎನ್ನುತ್ತಿದ್ದರು.

ಒಂದು ಶನಿವಾರ ಮಗಳು ಕೈಗೆ ಬಂದ ಚೆಂಡನ್ನು ಬಿಟ್ಟಳು. ಪಂದ್ಯ ಹೋಯಿತು.

"ಮುಂದಿನ ವಾರ ಆ ಹುಡುಗೀನ ಆಡಿಸ್ಬೇಡಿ" ಎಂದರು ಇನ್ನೊಂದು ಮಗುವಿನ ಅಪ್ಪ.

"ಅಕಿ ಅಲ್ಲೇ ನಿಲ್ತಾಳ್ರಿ. ಈಗ ತಗದ್ರ ಇನ್ನೊಮ್ಮೆ ಚೆಂಡು ಮುಟ್ಟಂಗಿಲ್ಲ ಆ ಕೂಸು."

"ಮತ್ತೆ ಸೋತ್ರೆ?"

"ನನ್ನ ತಗೀರಿ. ಶನಿವಾರನೂ ನಿದ್ದಿ ಸಿಗತೈತಿ."

ಮುಂದಿನ ವಾರ ಮಗಳು ಅಲ್ಲೇ ನಿಂತು ಎರಡು ಚೆಂಡು ಹಿಡಿದಳು. ನಾನು ನಂಬಿದ ಗುರುರಾಯರಿಗೆ ಕೂತಲ್ಲೇ ಕೈಮುಗಿದೆ. ಆದರೂ ತಂಡ ಸೋತಿತು. ಮ್ಯಾನೇಜರ್ ತಾವೇ ಹೇಳಿದ್ದಂತೆ ಅಪ್ಪಂದಿರು ಅವರನ್ನು ತೆಗೆದರು.

ಅವರು ಬ್ಯಾಟುಗಳ ಚೀಲ ಎತ್ತಿದರು. ಮಗಳು ಓಡಿಹೋಗಿ ಅದರ ಇನ್ನೊಂದು ತುದಿ ಹಿಡಿದಳು.

"ಬಿಡವ್ವಾ, ಭಾರ ಐತಿ."

"ಐ ಗಾಟ್ ಇಟ್, ಅಂಕಲ್."

ಅಪ್ಪಂದಿರ ಮುಂದೆಯೇ ಇಬ್ಬರೂ ಕಾರಿನವರೆಗೆ ನಡೆದರು. ಗೆಲುವನ್ನು ನಾನು ದೇವರಲ್ಲಿ ಕೇಳಿರಲಿಲ್ಲ. ಮಗಳ ತಲೆ ತಗ್ಗಲಿಲ್ಲವಲ್ಲ, ಅಷ್ಟು ಸಾಕಾಗಿತ್ತು. ಯಾರ ಮುಖವನ್ನೂ ನೋಡದೆ ನಾನೂ ಅವರ ಹಿಂದೆ ಹೊರಟೆ.